ಈ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಓಡುತ್ತಾ?

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ಕಂಪ್ಯೂಟರ್ ಅಂಗಡಿಯವರೆಗೆ ಒಂದು ಮಾತು ಎಲ್ಲ ಕಡೆ ಕೇಳಿಸುತ್ತದೆ: ‘ಐ-ಫೈವ್ ಇದೆ ಸಾರ್, ಎಂಟು ಜಿಬಿ ರ್‍ಯಾಮ್ ಇದೆ, ಯಾವ ಗೇಮ್ ಬೇಕಾದ್ರೂ ಓಡುತ್ತೆ.’ ಮಗನ ಆನ್‌ಲೈನ್ ಕ್ಲಾಸಿಗೆಂದೋ ಮಗಳ ಎಂಜಿನಿಯರಿಂಗ್ ಓದಿಗೆಂದೋ ಯಂತ್ರ ಮನೆಗೆ ಬರುತ್ತದೆ. ರಜೆ ಶುರುವಾದದ್ದೇ ತಡ, ಯಾವುದೋ ಹೊಸ ಗೇಮ್ ಡೌನ್‌ಲೋಡ್ ಆಗುತ್ತದೆ. ಪರದೆಯ ಮೇಲಿನ ನಾಯಕ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಮತ್ತೆರಡು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಫ್ಯಾನು ಕಿರುಚತೊಡಗುತ್ತದೆ. ‘ಕಂಪ್ಯೂಟರ್ ಸರಿ ಇಲ್ಲ, ಹೊಸದು ಬೇಕು’ ಎಂಬ ಅಹವಾಲು ರಾತ್ರಿ ಊಟದ ಹೊತ್ತಿಗೆ ಅಪ್ಪನ ಮುಂದೆ ಬಂದಿರುತ್ತದೆ.

ಐ-ಫೈವ್ ಇರುವುದು ನಿಜ, ಎಂಟು ಜಿಬಿ ಇರುವುದೂ ನಿಜ. ಮಾತಿನ ಕೊನೆಯ ತುಂಡು ಮಾತ್ರ ವ್ಯಾಪಾರದ್ದು. ಗೇಮ್ ಓಡುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಗ್ರಾಫಿಕ್ಸ್ ಚಿಪ್. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷ ದಾಟುವ ಚುಕ್ಕೆಗಳಿವೆ. ಆಟ ನುಣುಪಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಮೂಡಬೇಕು; ಅಂದರೆ ಒಂದೊಂದು ಸೆಕೆಂಡಿನಲ್ಲೂ 12 ಕೋಟಿಗೆ ಮಿಕ್ಕಿದ ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಿ ಮುಗಿಸಬೇಕು. ಎಕ್ಸೆಲ್ ಹಾಳೆ, ಜೂಮ್ ಕ್ಲಾಸು ಯಾವುದೂ ಇಂಥ ದುಡಿಮೆ ಕೇಳುವುದಿಲ್ಲ. ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಯಂತ್ರ ಗೇಮ್ ಹಾಕಿದ ದಿನವೇ ಮುಗ್ಗರಿಸುವುದು ಇದಕ್ಕೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ. ಹಾಸಿಗೆ ಎಷ್ಟುದ್ದ ಇದೆ ಎಂದು ಅಳೆದು ನೋಡಿದವರು ಕಡಿಮೆ. ಅಳೆಯುವುದಕ್ಕೆ ಎರಡು ನಿಮಿಷ ಸಾಕು. ಕೀಬೋರ್ಡಿನ ವಿಂಡೋಸ್ ಗುಂಡಿಯ ಜೊತೆ ‘ಆರ್’ ಒತ್ತಿ, ತೆರೆದುಕೊಳ್ಳುವ ಪುಟ್ಟ ಕಿಂಡಿಯಲ್ಲಿ ಡಿ-ಎಕ್ಸ್-ಡಿ-ಐ-ಎ-ಜಿ ಎಂಬ ಆರು ಇಂಗ್ಲಿಷ್ ಅಕ್ಷರ ಟೈಪಿಸಿ ಎಂಟರ್ ಕೊಡಿ. ಮೊದಲ ಪುಟದಲ್ಲಿ ಪ್ರೊಸೆಸರ್ ಮತ್ತು ರ್‍ಯಾಮ್, ‘ಡಿಸ್‌ಪ್ಲೇ’ ಅಥವಾ ‘ರೆಂಡರ್’ ಪುಟದಲ್ಲಿ ಗ್ರಾಫಿಕ್ಸ್ ಚಿಪ್ಪಿನ ಹೆಸರು ಸಿಗುತ್ತದೆ. ಆ ಹೆಸರನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಇಂಟೆಲ್ ಯುಎಚ್‌ಡಿ, ಐರಿಸ್ ಎಕ್ಸ್‌ಇ, ಎಎಂಡಿ ರೇಡಿಯಾನ್ ವೇಗಾ ಇಂಥ ಹೆಸರಿದ್ದರೆ ನಿಮ್ಮ ಗ್ರಾಫಿಕ್ಸ್ ಪ್ರೊಸೆಸರಿನ ಒಳಗೇ ಇದೆ ಎಂದರ್ಥ. ನಮ್ಮ ಮನೆಗಳ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಇವಕ್ಕೆ ಸ್ವಂತದ ಮೆಮೊರಿ ಇರುವುದಿಲ್ಲ, ರ್‍ಯಾಮಿನಲ್ಲೇ ಪಾಲು ತೆಗೆದುಕೊಳ್ಳುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ಶೇರ್ಡ್ ಜಿಪಿಯು ಮೆಮೊರಿ’ ಎಂದು 4 ಜಿಬಿ ಕಂಡರೆ ಹಿಗ್ಗಬೇಡಿ, ಅದು ಇರುವ ಎಂಟರಲ್ಲಿನ ಅರ್ಧವೇ. ಇಲ್ಲೇ ಅಂಗಡಿಯವರು ಹೇಳದ ಒಂದು ಸಂಗತಿಯೂ ಇದೆ. ಎಂಟು ಜಿಬಿ ರ್‍ಯಾಮಿನ ಒಂದೇ ಕಡ್ಡಿ ಹಾಕಿಸಿಕೊಂಡು ಬಂದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಮಾಹಿತಿ ಹರಿದುಬರುವ ದಾರಿ ಅರ್ಧ ಕಿರಿದಾಗಿರುತ್ತದೆ. ಐರಿಸ್ ಎಕ್ಸ್‌ಇ ಇರುವ ಯಂತ್ರಗಳಲ್ಲಂತೂ ಒಂದೇ ಕಡ್ಡಿ ಇದ್ದರೆ ವಿಂಡೋಸ್ ಅದನ್ನು ಬರೀ ‘ಯುಎಚ್‌ಡಿ’ ಎಂದು ತೋರಿಸುತ್ತದೆ. ಎರಡನೇ ಕಡ್ಡಿ ಸೇರಿಸಿದ ಮೇಲೆ ಅದೇ ಚಿಪ್ಪು ‘ಐರಿಸ್’ ಆಗಿ ಎದ್ದು ಕೂರುತ್ತದೆ. ಆಟದ ವೇಗದಲ್ಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬಿಚ್ಚಿಸುವ ಮೊದಲು ಮಾಡೆಲ್ ನಂಬರ್ ಹಾಕಿ ವಿಚಾರಿಸುವುದು ಕ್ಷೇಮ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವವರು ತಾವು ಗೆದ್ದೆವು ಎಂದುಕೊಳ್ಳಬೇಕಿಲ್ಲ. ‘2 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದು ಹೇಳಿ ಜಿಟಿ 710 ಅನ್ನು ಕೊಡುವವರಿದ್ದಾರೆ. ಐರಿಸ್ ಎಕ್ಸ್‌ಇ, ವೇಗಾ 8 ಎರಡೂ ಅದಕ್ಕಿಂತ ಮುಂದಿವೆ. ಅಂಥ ಪ್ರೊಸೆಸರ್ ಇರುವವರು ಆ ಕಾರ್ಡಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆಯೇ. ಎನ್‌ವಿಡಿಯಾ ಕಾರ್ಡುಗಳ ನಾಲ್ಕಂಕಿಯ ಹೆಸರಲ್ಲಿ ಮೊದಲೆರಡು ಅಂಕಿ ಪೀಳಿಗೆಯದು, ಕೊನೆಯೆರಡು ದರ್ಜೆಯದು. 3050 ಹೊಸ ಪೀಳಿಗೆಯ ಕೆಳದರ್ಜೆ, 2080 ಹಳೆ ಪೀಳಿಗೆಯ ಮೇಲ್ದರ್ಜೆ. ಬಲದಲ್ಲಿ ಹಳೆಯದೇ ಮುಂದು. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿಪ್ಪು ಒಂದು ಯಂತ್ರದಲ್ಲಿ 35 ವಾಟ್, ಇನ್ನೊಂದರಲ್ಲಿ 115 ವಾಟ್‌ವರೆಗೆ ವಿದ್ಯುತ್ ತೆಗೆದುಕೊಳ್ಳುವಂತೆ ಕಂಪನಿಗಳು ಕೂರಿಸುತ್ತವೆ. ಸ್ಟಿಕ್ಕರ್ ಒಂದೇ, ಆಟ ಬೇರೆ. ಇಷ್ಟೆಲ್ಲ ಸರಿಯಿದ್ದೂ ಡೆಸ್ಕ್‌ಟಾಪ್‌ನಲ್ಲಿ ಗೇಮ್ ಕುಂಟುತ್ತಿದ್ದರೆ ಹಿಂದೆ ಬಗ್ಗಿ ನೋಡಿ: ಮಾನಿಟರಿನ ಕೇಬಲ್ಲು ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿರುವುದು ತೀರ ಸಾಮಾನ್ಯ.

ಯಂತ್ರ ದುರ್ಬಲ ಎಂದು ಹಳಿಯುವುದಕ್ಕಿಂತ, ಇದು ಯಾವ ಕಾಲದ ಆಟಕ್ಕೆ ಹೊಂದುತ್ತದೆ ಎಂದು ಕೇಳುವುದು ನನ್ನ ಪ್ರಕಾರ ಸರಿಯಾದ ದಾರಿ. ಪ್ರತ್ಯೇಕ ಕಾರ್ಡಿಲ್ಲದ ಇಂದಿನ ಸಾಧಾರಣ ಲ್ಯಾಪ್‌ಟಾಪ್ ಹತ್ತು ಹದಿನೈದು ವರ್ಷ ಹಿಂದಿನ ಬಹುತೇಕ ದೊಡ್ಡ ಗೇಮ್‌ಗಳನ್ನು ಹೊರಬಲ್ಲದು. 2011ರ ‘ಪೋರ್ಟಲ್ 2’ ತೆಗೆದುಕೊಳ್ಳಿ. ಗೋಡೆಯಲ್ಲಿ ಕಿಂಡಿ ತೆರೆದು ಇನ್ನೊಂದು ಗೋಡೆಯಿಂದ ಹೊರಬೀಳುವ ಆ ಒಗಟಿನ ಆಟ ಇವತ್ತಿಗೂ ಹಳತೆನಿಸುವುದಿಲ್ಲ. ಹುಡುಗರ ಬಾಯಲ್ಲಿ ಸದಾ ಇರುವ ‘ಜಿಟಿಎ 5’ ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ; ಆಗ ಅದು ಕೇಳಿದ್ದು ಕನಿಷ್ಠ 4 ಜಿಬಿ ರ್‍ಯಾಮ್. 2025ರಲ್ಲಿ ಅದರ ‘ಎನ್‌ಹಾನ್ಸ್‌ಡ್’ ರೂಪ ಬಂತು, ಅದಕ್ಕೆ 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಎರಡೂ ಬೇಕು. ಹಳೆಯದು ‘ಲೆಗಸಿ’ ಎಂಬ ಹೆಸರಲ್ಲಿ ಉಳಿದಿದೆ. ಸಾಧಾರಣ ಯಂತ್ರದವರು ಹಾಕಿಕೊಳ್ಳಬೇಕಾದ್ದು ಅದನ್ನು. ಅಂದಹಾಗೆ ಜಿಟಿಎ 18 ದಾಟಿದವರ ಆಟ ಎಂಬುದು ಡಬ್ಬಿಯ ಮೇಲೇ ಬರೆದಿರುತ್ತದೆ. ಐದನೇ ಕ್ಲಾಸಿನ ಹುಡುಗನಿಗೆ ಹಾಕಿಕೊಡುವ ಅಪ್ಪಂದಿರು ಅದನ್ನು ಓದಿದಂತಿಲ್ಲ.

ಕ್ರಿಕೆಟ್ ಬೇಕೆನ್ನುವವರಿಗೆ 2006ರ ಕೊನೆಯಲ್ಲಿ ಬಂದ ‘ಇಎ ಸ್ಪೋರ್ಟ್ಸ್ ಕ್ರಿಕೆಟ್ 07’ ಒಂದು ವಿಚಿತ್ರ ಉದಾಹರಣೆ. ಆ ಕಂಪನಿ ಆಮೇಲೆ ಕಂಪ್ಯೂಟರಿಗೆ ಕ್ರಿಕೆಟ್ ಗೇಮ್ ಮಾಡಲೇ ಇಲ್ಲ. ಆದರೂ ನಮ್ಮ ದೇಶದ ಅಭಿಮಾನಿಗಳು ಅದಕ್ಕೆ ಹೊಸ ಜೆರ್ಸಿ ತೊಡಿಸಿ, ಐಪಿಎಲ್ ತಂಡಗಳನ್ನು ಸೇರಿಸಿ, ಆಟಗಾರರ ಮುಖ ಬದಲಿಸಿ ಇಂದಿಗೂ ಬಳಕೆಯಲ್ಲಿಟ್ಟಿದ್ದಾರೆ. ಕಾರಣ ಸರಳ: ಆ ಗೇಮ್ ಎಂಥ ಡಬ್ಬಾ ಕಂಪ್ಯೂಟರಿನಲ್ಲೂ ಓಡುತ್ತಿತ್ತು.

ಹಳೆಯದೇ ಆಗಬೇಕೆಂದೂ ಇಲ್ಲ. ನನಗೆ ಹೆಚ್ಚು ಇಷ್ಟವಾಗುವುದು ಸಣ್ಣ ತಂಡಗಳು ಕಟ್ಟಿದ ಗೇಮ್‌ಗಳು. 2016ರ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಅಮೆರಿಕದ ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿದರು, ಚಿತ್ರ, ಸಂಗೀತ, ಕೋಡು ಎಲ್ಲ ಅವರದೇ. ಅಜ್ಜ ಬಿಟ್ಟುಹೋದ ಪಾಳು ಹೊಲವನ್ನು ಹಸನು ಮಾಡಿ, ಬಿತ್ತಿ, ನೀರು ಹಾಯಿಸಿ, ಊರವರೊಡನೆ ಒಡನಾಡುವ ಆಟ. ಕೇಳುವುದು 2 ಜಿಬಿ ರ್‍ಯಾಮ್, ಹಾರ್ಡ್‌ಡಿಸ್ಕಿನಲ್ಲಿ ಅರ್ಧ ಜಿಬಿ ಜಾಗ. ಬೆಟ್ಟ ಹತ್ತುವ ಹುಡುಗಿಯ ಕತೆ ಹೇಳುವ ‘ಸೆಲೆಸ್ಟ್’, ಹುಳುಗಳ ಪಾತಾಳಲೋಕದ ‘ಹಾಲೋ ನೈಟ್’ ಇವೂ ಕಾರ್ಡಿಲ್ಲದ ಯಂತ್ರದಲ್ಲಿ ಸಲೀಸಾಗಿ ನಡೆಯುತ್ತವೆ. ಸುಲಭ ಎಂದುಕೊಂಡು ಹೋಗಬೇಡಿ, ಇವೆರಡೂ ಬೆರಳಿಗೆ ಬೆವರಿಳಿಸುತ್ತವೆ. ಗೆಳೆಯರೊಡನೆ ಆನ್‌ಲೈನ್ ಆಡುವವರಿಗೆ ‘ವ್ಯಾಲೊರಂಟ್’ ಇದೆ, ಉಚಿತ. 2012ರಲ್ಲಿ ಬಂದ ಇಂಟೆಲ್ ಎಚ್‌ಡಿ 4000 ಚಿಪ್ಪಿದ್ದರೂ ಸೆಕೆಂಡಿಗೆ 30 ಚಿತ್ರ ಕೊಡುವಂತೆ ಅದನ್ನು ರೂಪಿಸಿದ್ದಾರೆ. ವಿಂಡೋಸ್ 11ರಲ್ಲಿ ಮಾತ್ರ ಅದು ಟಿಪಿಎಂ, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳೆರಡೂ ಚಾಲೂ ಇರಬೇಕೆಂದು ಹಟ ಹಿಡಿಯುತ್ತದೆ.

ಇನ್ನು ಬೇಡವೇ ಬೇಡ ಎನ್ನಬೇಕಾದವು. ಹಿಂದೆಲ್ಲ ಕಾರ್ಡು ಕಮ್ಮಿಯಿದ್ದರೆ ಗೇಮ್ ನಿಧಾನವಾಗಿಯಾದರೂ ತೆರೆದುಕೊಳ್ಳುತ್ತಿತ್ತು, ಈಗ ಬಾಗಿಲೇ ತೆರೆಯದವು ಬಂದಿವೆ. 2024ರ ಡಿಸೆಂಬರಿನ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಬೆಳಕಿನ ಕಿರಣ ಎಲ್ಲಿ ಬಿದ್ದು ಎತ್ತ ಚಿಮ್ಮುತ್ತದೆ ಎಂದು ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಗ ಕಾರ್ಡಿನಲ್ಲೇ ಇರಬೇಕೆನ್ನುತ್ತದೆ. ಕನಿಷ್ಠ ಆರ್‌ಟಿಎಕ್ಸ್ 2060 ಸೂಪರ್, 16 ಜಿಬಿ ರ್‍ಯಾಮ್, 120 ಜಿಬಿ ಜಾಗ. ‘ಸೈಬರ್‌ಪಂಕ್ 2077’ ಬಂದದ್ದು 2020ರಲ್ಲಾದರೂ 2023ರಲ್ಲಿ ತನ್ನ ಬೇಡಿಕೆ ಏರಿಸಿಕೊಂಡಿತು: 12 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಕಡ್ಡಾಯ. ಹಳೆಯ ಯೂಟ್ಯೂಬ್ ವಿಡಿಯೊ ನಂಬಿ ಕೊಳ್ಳುವವರು ಇಲ್ಲಿ ಎಡವುತ್ತಾರೆ. ಗೇಮಿನ ಪುಟದ ಕೆಳಗೆ ಬರೆದಿರುವ ‘ಮಿನಿಮಮ್’ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ಅದು ಹೇಗೋ ಆಡಬಹುದು ಎಂಬ ಮಟ್ಟ. ‘ರೆಕಮೆಂಡೆಡ್’ ಪಟ್ಟಿಗೆ ನಿಮ್ಮ ಯಂತ್ರ ಹತ್ತಿರವಿದ್ದರೆ ಮಾತ್ರ ದುಡ್ಡು ತೆಗೆಯಿರಿ. ಗೇಮಿನ ಹೆಸರಿನ ಮುಂದೆ ನಿಮ್ಮ ಚಿಪ್ಪಿನ ಹೆಸರು ಸೇರಿಸಿ ಹುಡುಕಿದರೆ ಅದೇ ಚಿಪ್ಪಿನಲ್ಲಿ ಯಾರೋ ಆಡಿ ತೋರಿಸಿದ ಇತ್ತೀಚಿನ ವಿಡಿಯೊ ಸಾಮಾನ್ಯವಾಗಿ ಸಿಗುತ್ತದೆ. ಪಟ್ಟಿಗಿಂತ ಅದು ಮೇಲು.

ಊರಿನ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 120 ಜಿಬಿಯ ಗೇಮ್ 40 ಎಂಬಿಪಿಎಸ್ ಫೈಬರ್ ಸಂಪರ್ಕದಲ್ಲಿ ಇಳಿಯಲು ಏಳು ಗಂಟೆಯ ಹತ್ತಿರ ಬೇಕು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಹಾಟ್‌ಸ್ಪಾಟ್ ನಂಬಿದವರಿಗೆ ಎರಡು ತಿಂಗಳು. ಕರೆಂಟು ಹೋಗಿ ಬ್ಯಾಟರಿಗೆ ಇಳಿದ ಕೂಡಲೇ ಲ್ಯಾಪ್‌ಟಾಪ್ ತನ್ನ ವೇಗ ತಗ್ಗಿಸುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಚಿಪ್ಪು ಕಾದರೂ ಹಾಗೇ, ತನ್ನನ್ನು ಉಳಿಸಿಕೊಳ್ಳಲು ಅದು ತಾನಾಗಿ ನಿಧಾನವಾಗುತ್ತದೆ. ಹಾಸಿಗೆಯ ಮೇಲೆ, ಮಡಿಲಲ್ಲಿ ಇಟ್ಟುಕೊಂಡು ಆಡಿದರೆ ಗಾಳಿ ಹೋಗುವ ಕಿಂಡಿಯೂ ಮುಚ್ಚುತ್ತದೆ. ಮರದ ಮೇಜಿನ ಮೇಲಿಡಿ, ವರ್ಷಕ್ಕೊಮ್ಮೆ ಧೂಳು ತೆಗೆಸಿ.

ಆಟ ತುಸು ಭಾರವೆನಿಸಿದರೆ ಮೊದಲು ರೆಸಲ್ಯೂಷನ್ ಇಳಿಸಿ: 1920ರಿಂದ 1280ಕ್ಕೆ ಬಂದರೆ ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಆಮೇಲೆ ನೆರಳು, ಅಂದರೆ ‘ಶ್ಯಾಡೋಸ್’. ಎಎಂಡಿಯ ಎಫ್‌ಎಸ್‌ಆರ್ ಆಯ್ಕೆ ಇದ್ದರೆ ಚಾಲೂ ಮಾಡಿ. ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡಿ ತೋರಿಸುವ ಈ ಉಪಾಯ ಬೇರೆ ಕಂಪನಿಗಳ ಚಿಪ್ಪಿನಲ್ಲೂ ನಡೆಯುತ್ತದೆ.

ಕ್ರ್ಯಾಕ್ ಮಾಡಿದ ಗೇಮ್ ಹಾಕಿಕೊಳ್ಳುವುದು ನಮ್ಮಲ್ಲಿ ಹಳೇ ಚಾಳಿ, ಒಂದು ಕಾಲಕ್ಕೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನ ಸಿ.ಡಿ.ಗಳೇ ಎಲ್ಲರ ಗತಿಯಾಗಿದ್ದವು. ಈಗ ಆ ಕಂಪ್ಯೂಟರಿನಲ್ಲೇ ಬ್ಯಾಂಕು, ಯುಪಿಐ, ಮಕ್ಕಳ ಅಂಕಪಟ್ಟಿ ಇವೆ. ಆ್ಯಂಟಿವೈರಸ್ ಆಫ್ ಮಾಡಿ ಎಂದು ಮೊದಲೇ ಹೇಳುವ ಗೇಮನ್ನು ಮನೆಗೆ ಬಿಟ್ಟುಕೊಳ್ಳುವುದು ಮೂರ್ಖತನ. ಉಚಿತವೇ ಬೇಕೆಂದರೆ ಎಪಿಕ್ ಸ್ಟೋರ್ ಪ್ರತಿ ಗುರುವಾರ ಗೇಮ್ ಉಚಿತವಾಗಿ ಹಂಚುತ್ತದೆ. ಹಳೆಯ ಗೇಮ್‌ಗಳನ್ನು ಹೊಸ ವಿಂಡೋಸ್‌ಗೆ ಹೊಂದಿಸಿ ಮಾರುವ ಜಿಒಜಿ ಇದೆ. ಗೇಮ್ ಮಾರುವ ಇನ್ನೊಂದು ತಾಣವಾದ ಸ್ಟೀಮ್ ರೂಪಾಯಿಯಲ್ಲೇ ಬೆಲೆ ಹೇಳುತ್ತದೆ, ಬೇಸಿಗೆ ಮತ್ತು ಡಿಸೆಂಬರಿನ ರಿಯಾಯಿತಿಯಲ್ಲಿ ಅರ್ಧಕ್ಕಿಂತ ಕೆಳಗೂ ಇಳಿಸುತ್ತದೆ. ವಿಂಡೋಸ್ 7 ಇರುವ ಯಂತ್ರಗಳಿಗೆ ಮಾತ್ರ 2024ರ ಜನವರಿಯಿಂದ ಸ್ಟೀಮ್‌ನ ಬೆಂಬಲವಿಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಸ್ಟೀಮ್‌ನ ನಿಯಮವೊಂದು ನಿಮ್ಮ ಪರವಾಗಿದೆ. ಕೊಂಡು 14 ದಿನ ಮೀರಿರಬಾರದು, ಆಡಿದ್ದು 2 ಗಂಟೆ ದಾಟಿರಬಾರದು, ಹಣ ವಾಪಸ್. ಆ ಎರಡು ಗಂಟೆಯನ್ನು ಕತೆಯ ಪೀಠಿಕೆ ನೋಡುತ್ತ ಕಳೆಯಬೇಡಿ. ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ ಮೂಡುವ ಚಿತ್ರ, ಅಂದರೆ ಫ್ರೇಮ್ ಎಣಿಸುವ ಸೌಲಭ್ಯ ಚಾಲೂ ಮಾಡಿಕೊಳ್ಳಿ, ಮಳೆಯೋ ಜನಜಂಗುಳಿಯೋ ಹೊಡೆದಾಟವೋ ಇರುವ ದೃಶ್ಯದ ತನಕ ಆಡಿ, ಸಂಖ್ಯೆ ಮೂವತ್ತಕ್ಕಿಂತ ಕೆಳಗೆ ಬೀಳುತ್ತಿದ್ದರೆ ಅಂದೇ ವಾಪಸ್ ಕೊಟ್ಟುಬಿಡಿ.