ಗಾಯ ಮಾಡದ ಸಾಕ್ಷಿ

ಅಜ್ಜಿಯ ಕೆನ್ನೆಯ ಒಳಭಾಗದಲ್ಲಿ ಒಂದು ಬಿಳಿ ಮಚ್ಚೆ. ನೋವಿಲ್ಲ. ಸಾರು ಖಾರವಾದಾಗ ಮಾತ್ರ ಸ್ವಲ್ಪ ಉರಿ. "ಎಲೆಗೆ ಸುಣ್ಣ ಹೆಚ್ಚಾಗಿರಬೇಕು" ಎನ್ನುತ್ತಾರೆ ಅಜ್ಜಿ. ಮನೆಯವರೂ ಸುಮ್ಮನಾಗುತ್ತಾರೆ. ಕೆಲವು ತಿಂಗಳ ಬಳಿಕ ವೈದ್ಯರು ನೋಡಿ, ಒಂದು ಚಿಕ್ಕ ತುಂಡು ತೆಗೆದು ಪರೀಕ್ಷಿಸಬೇಕು ಎಂದಾಗ ಮನೆಯಲ್ಲಿ ಗಾಬರಿ. "ಕತ್ತರಿ ತಾಗಿದರೆ ರೋಗ ಹರಡುತ್ತದೆಯಂತೆ" ಎಂದು ಯಾರೋ ಹೇಳುತ್ತಾರೆ. ಅಲ್ಲಿಗೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ.

ಇನ್ನೊಂದು ದೃಶ್ಯ. ಒಬ್ಬ ಯುವಕನ ಚೀಲದಲ್ಲಿ ಬಿಳಿ ಪುಡಿಯ ಪೊಟ್ಟಣ ಸಿಗುತ್ತದೆ. ಅದು ಮಾದಕ ವಸ್ತುವೋ, ಔಷಧದ ಪುಡಿಯೋ ಎಂದು ತಿಳಿಯುವ ಮೊದಲೇ ಊರಿಗೆ ಊರೇ ತೀರ್ಪು ಕೊಟ್ಟು ಮುಗಿಸುತ್ತದೆ. ಆತನ ತಾಯಿ ತಲೆ ಎತ್ತಿ ನಡೆಯುವಂತಿಲ್ಲ.

ಈ ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಎರಡರಲ್ಲೂ ಇರುವ ಪ್ರಶ್ನೆ ಒಂದೇ: ಕಣ್ಣ ಮುಂದಿರುವ ಈ ವಸ್ತು ನಿಜಕ್ಕೂ ಏನು? ಅದನ್ನು ಕತ್ತರಿಸದೆ, ಕರಗಿಸದೆ, ಹಾಳು ಮಾಡದೆ ತಿಳಿಯಲು ಸಾಧ್ಯವೇ? ಸಾಧ್ಯ ಎನ್ನುತ್ತದೆ ಬೆಳಕಿನ ವಿಜ್ಞಾನ.

ಬೆಳಕು ತರುವ ಸುದ್ದಿ

ಬೆಳಕಿನ ಕುರಿತು ಮಾನವನ ಅರಿವಿಗೆ ಭದ್ರ ತಳಪಾಯ ಹಾಕಿದವರಲ್ಲಿ ಬಸ್ರಾದಲ್ಲಿ ಜನಿಸಿ ಕೈರೋದಲ್ಲಿ ನೆಲೆಸಿದ್ದ ಇಬ್ನುಲ್ ಹೈಸಮ್ ಪ್ರಮುಖರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ವಾದವನ್ನು ಅವರು ಒಪ್ಪಲಿಲ್ಲ. ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಪ್ರವೇಶಿಸುವುದರಿಂದಲೇ ನಮಗೆ ಕಾಣುತ್ತದೆ ಎಂದು ಪ್ರಯೋಗಗಳ ಮೂಲಕ ವಿವರಿಸಿದರು. ದೊಡ್ಡವರು ಹೇಳಿದರೆಂಬ ಕಾರಣಕ್ಕೆ ನಂಬದೆ ಪರೀಕ್ಷಿಸಿ ನೋಡಬೇಕೆಂಬುದು ಅವರ ದಾರಿಯಾಗಿತ್ತು.

ಅವರ ಬಳಿಕ ಸುಮಾರು ಒಂಬತ್ತು ಶತಮಾನಗಳು ಕಳೆದ ಮೇಲೆ, 1928ರ ಫೆಬ್ರವರಿ 28ರಂದು, ಕಲ್ಕತ್ತಾದಲ್ಲಿ ಸಿ.ವಿ. ರಾಮನ್ ಇನ್ನೊಂದು ರಹಸ್ಯ ಕಂಡುಕೊಂಡರು. ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಹಾಯಿಸಿದರೆ, ಚದರಿ ಬರುವ ಬೆಳಕಿನ ಬಹುಪಾಲು ಅದೇ ಬಣ್ಣದಲ್ಲಿರುತ್ತದೆ. ಆದರೆ ಕೋಟಿಗೆ ಒಂದರಂತೆ ಎನ್ನಬಹುದಾದಷ್ಟು ಅಲ್ಪ ಭಾಗ ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ವಸ್ತುವಿನ ಅಣುಗಳು ಸದಾ ಕಂಪಿಸುತ್ತಿರುವುದೇ ಇದಕ್ಕೆ ಕಾರಣ. ಸಕ್ಕರೆಯ ಅಣುವಿನ ಕಂಪನ ಒಂದು ಬಗೆ, ಉಪ್ಪಿನಕಾಯಿಯ ಎಣ್ಣೆಯದು ಇನ್ನೊಂದು ಬಗೆ. ಹೀಗಾಗಿ ಮರಳಿ ಬಂದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ, ಬೆರಳಚ್ಚಿನಂತೆ ಆ ವಸ್ತುವಿನ ಗುರುತು ಸಿಗುತ್ತದೆ. ಬೆಳಕನ್ನು ಹೀಗೆ ಬಿಡಿಸಿ ಓದುವ ವಿದ್ಯೆಗೇ ಸ್ಪೆಕ್ಟ್ರೋಸ್ಕೋಪಿ ಎಂದು ಹೆಸರು.

ಈ ಶೋಧಕ್ಕಾಗಿ 1930ರಲ್ಲಿ ರಾಮನ್‌ರಿಗೆ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಬೆಂಗಳೂರಿಗೆ ಬಂದ ಅವರು 1970ರಲ್ಲಿ ನಿಧನರಾಗುವವರೆಗೂ ಅಲ್ಲೇ ನೆಲೆಸಿದ್ದರು. ಆದರೆ ಅವರ ಕಾಲದಲ್ಲಿ ಒಂದು ತೊಡಕಿತ್ತು. ಬಣ್ಣ ಬದಲಿಸಿದ ಬೆಳಕು ತೀರಾ ಕ್ಷೀಣ. ದೀಪದ ಬೆಳಕಿನಲ್ಲಿ ಅದನ್ನು ದಾಖಲಿಸಲು ಗಂಟೆಗಟ್ಟಲೆ ಕಾಯಬೇಕಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದೇ ಬಣ್ಣದ, ಒಂದೇ ದಿಕ್ಕಿನ, ತೀಕ್ಷ್ಣ ಬೆಳಕು ಅದು. ಇಂದು ಕೈಯಲ್ಲಿ ಹಿಡಿಯಬಹುದಾದ ಉಪಕರಣ ಕೆಲವೇ ಕ್ಷಣಗಳಲ್ಲಿ ಈ ಕೆಲಸ ಮಾಡುತ್ತದೆ.

ನ್ಯಾಯದ ಕಟಕಟೆಯಲ್ಲಿ

ಬಿಳಿ ಪುಡಿಯ ಪೊಟ್ಟಣಕ್ಕೆ ಮರಳೋಣ. ಸ್ಥಳದಲ್ಲೇ ಮಾಡುವ ರಾಸಾಯನಿಕ ಪರೀಕ್ಷೆಯಲ್ಲಿ ಪುಡಿಯ ಸ್ವಲ್ಪ ಭಾಗವನ್ನು ದ್ರಾವಣಕ್ಕೆ ಹಾಕಿ ಬಣ್ಣ ಬದಲಾಗುತ್ತದೆಯೇ ಎಂದು ನೋಡುತ್ತಾರೆ. ಅಷ್ಟು ಪುಡಿ ಅಲ್ಲಿಗೆ ಮುಗಿಯಿತು. ನಿರಪಾಯಕಾರಿ ವಸ್ತುವೂ ಕೆಲವೊಮ್ಮೆ ಅದೇ ಬಣ್ಣ ತೋರಿಸುವುದುಂಟು. ರಾಮನ್ ಉಪಕರಣವಾದರೋ ಪಾರದರ್ಶಕ ಪ್ಲಾಸ್ಟಿಕ್ ಪೊಟ್ಟಣವನ್ನು ಬಿಚ್ಚದೆಯೇ, ಹೊರಗಿನಿಂದಲೇ ಲೇಸರ್ ಹಾಯಿಸಿ ಒಳಗಿನ ಪುಡಿಯ ಗುರುತು ಓದಬಲ್ಲುದು. ಸಾಕ್ಷ್ಯ ಹಾಗೆಯೇ ಉಳಿಯುತ್ತದೆ. ನಾಳೆ ಆರೋಪಿಯ ಪರವಾಗಿ ಇನ್ನೊಂದು ಪ್ರಯೋಗಾಲಯ ಅದನ್ನೇ ಮತ್ತೆ ಪರೀಕ್ಷಿಸಬಹುದು. ನಿರಪರಾಧಿಯ ಪಾಲಿಗೆ ಇದು ಸಣ್ಣ ವಿಷಯವಲ್ಲ.

ಆಸ್ತಿ ಪತ್ರಗಳ ವಿಷಯವನ್ನೂ ನೋಡಿ. ಒಂದರ ಮುಂದೆ ಸೊನ್ನೆ ಸೇರಿಸುವುದಕ್ಕೆ, ಒಂದು ಹೆಸರು ತಿದ್ದುವುದಕ್ಕೆ ಪೆನ್ನಿನ ಒಂದು ಗೀಟು ಸಾಕು. ಹೆಣ್ಣುಮಕ್ಕಳ ಹಕ್ಕಿನ ಪಾಲು ಎಷ್ಟೋ ಸಲ ಹೀಗೆಯೇ ಜಾರಿ ಹೋಗುತ್ತದೆ. ಎರಡು ಶಾಯಿಗಳು ಕಣ್ಣಿಗೆ ಒಂದೇ ಕಪ್ಪಾಗಿ ಕಂಡರೂ ಅವುಗಳ ಬಣ್ಣದ್ರವ್ಯ ಬೇರೆಯಾಗಿದ್ದರೆ ಲೇಸರ್ ಆ ವ್ಯತ್ಯಾಸವನ್ನು ತೋರಿಸಬಲ್ಲುದು. ಕಾಗದಕ್ಕೆ ಹಾನಿಯಿಲ್ಲ. ಆದರೆ ತಿದ್ದಿದವನು ಅದೇ ಶಾಯಿಯನ್ನು ಬಳಸಿದ್ದರೆ ಈ ವಿಧಾನ ನೆರವಿಗೆ ಬರುವುದಿಲ್ಲ.

ಅಪಘಾತ ಮಾಡಿ ಓಡಿಹೋದ ವಾಹನದ ಗಾಜಿನ ಚೂರಿಗೆ ಇನ್ನೊಂದು ವಿಧಾನವಿದೆ. ಬಲವಾದ ಲೇಸರ್ ಮಿಂಚನ್ನು ಹಾಯಿಸಿದಾಗ ಬರಿಗಣ್ಣಿಗೆ ಕಾಣದಷ್ಟು ಪುಟ್ಟ ಕುಳಿ ಬಿದ್ದು, ಅಲ್ಲಿನ ಗಾಜು ಕಿಡಿಯಾಗಿ ಹೊಳೆಯುತ್ತದೆ. ಆ ಕಿಡಿಯ ಬಣ್ಣಗಳಿಂದ ಗಾಜಿನಲ್ಲಿ ಲೇಶಮಾತ್ರವಿರುವ ಸ್ಟ್ರಾನ್ಷಿಯಂನಂಥ ಮೂಲವಸ್ತುಗಳೂ ತಿಳಿಯುತ್ತವೆ. ರಸ್ತೆಯಲ್ಲಿ ಬಿದ್ದ ಚೂರನ್ನೂ ಅನುಮಾನಿತ ವಾಹನದ ಗಾಜನ್ನೂ ಹೀಗೆ ಹೋಲಿಸುತ್ತಾರೆ.

ರೋಗಿಯ ಬಳಿಯಲ್ಲಿ

ಇದೇ ವಿದ್ಯೆ ಈಗ ವೈದ್ಯರ ನೆರವಿಗೂ ಬರುತ್ತಿದೆ. ಜೀವಕೋಶ ರೋಗಗ್ರಸ್ತವಾದಾಗ ಅದರೊಳಗಿನ ಕೊಬ್ಬು, ಪ್ರೋಟೀನ್‌ಗಳ ಪ್ರಮಾಣ ಬದಲಾಗುತ್ತದೆ. ಆರೋಗ್ಯವಂತ ಕೆನ್ನೆಯ ಒಳಪದರದಿಂದ ಬರುವ ಬೆಳಕಿನಲ್ಲಿ ಕೊಬ್ಬಿನ ಗುರುತು ಎದ್ದು ಕಂಡರೆ, ಕ್ಯಾನ್ಸರ್ ಇದ್ದಲ್ಲಿ ಪ್ರೋಟೀನಿನ ಗುರುತು ಮೇಲುಗೈ ಪಡೆಯುತ್ತದೆ.

ಈ ಸಂಶೋಧನೆಯಲ್ಲಿ ನಮ್ಮ ಕರಾವಳಿಯ ಪಾಲೂ ಇದೆ. ಮಣಿಪಾಲದ ವಿಜ್ಞಾನಿಗಳು ಬಾಯಿಯ ಅಂಗಾಂಶಗಳ ಮೇಲೆ ನಡೆಸಿದ ರಾಮನ್ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆರೋಗ್ಯವಂತ, ಉರಿಯೂತವಿರುವ, ಕ್ಯಾನ್ಸರಿನ ಪೂರ್ವಸ್ಥಿತಿಯ ಮತ್ತು ಕ್ಯಾನ್ಸರ್ ತಗಲಿದ ಅಂಗಾಂಶಗಳನ್ನು ಬೆಳಕಿನಿಂದಲೇ ಬೇರ್ಪಡಿಸುವ ಪ್ರಯತ್ನ ಅದು. ಮುಂದೆ ನವಿ ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾಲಯದಲ್ಲಿ, ತೆಳ್ಳಗಿನ ನಳಿಕೆಯನ್ನು ರೋಗಿಯ ಬಾಯಿಯೊಳಗೇ ಇಟ್ಟು ಅಳೆಯುವ ಅಧ್ಯಯನಗಳು ನಡೆದವು. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ನಡುವೆಯೇ ಗಡ್ಡೆ ಎಲ್ಲಿ ಮುಗಿಯುತ್ತದೆ ಎಂದು ಲೇಸರ್‌ನಿಂದ ತಿಳಿಯುವ ಪ್ರಯೋಗದ ವರದಿ 2015ರಲ್ಲಿ ಬಂತು.

ಆದರೆ ಸಹೋದರಿಯರೇ, ಒಂದು ಮಾತನ್ನು ಮರೆಯಬಾರದು. ಬಾಯಿಯ ಕ್ಯಾನ್ಸರನ್ನು ಖಚಿತಪಡಿಸಲು ಇಂದಿಗೂ ಬೇಕಾಗಿರುವುದು ಆ ಚಿಕ್ಕ ತುಂಡಿನ ಪರೀಕ್ಷೆ, ಅಂದರೆ ಬಯಾಪ್ಸಿಯೇ. ಅದರಿಂದ ರೋಗ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹರಡುವುದು ತಡ ಮಾಡಿದ್ದರಿಂದ. ಲೇಸರ್ ಪರೀಕ್ಷೆ ಬರಲಿ ಎಂದು ಕಾದು ಕುಳಿತರೆ ರೋಗ ಕಾಯುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ, ಒಳ್ಳೆಯ ಬೆಳಕಿನಲ್ಲಿ ಬಾಯಿ ತೆರೆದು ನೋಡಿಕೊಳ್ಳಿ. ಹಿರಿಯರಿಗೂ ನೀವೇ ನೋಡಿಕೊಡಿ. ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಎರಡು ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ದಂತವೈದ್ಯರ ಬಳಿಗೆ ಹೋಗಿ. ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಯೊಳಗೆ ಹಾಕಲು ಆಗುತ್ತಿಲ್ಲ, ಬಾಯಿ ದಿನೇ ದಿನೇ ಬಿಗಿಯಾಗುತ್ತಿದೆ ಎನಿಸಿದರೂ ತಡ ಮಾಡಬೇಡಿ. ಪರಪುರುಷರ ಮುಂದೆ ಬಾಯಿ ತೆರೆಯಲು ಸಂಕೋಚವಿದ್ದರೆ ವೈದ್ಯೆಯರಿದ್ದಾರೆ.

"ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಎಲೆ ಅಡಿಕೆ" ಎಂಬ ಸಮಾಧಾನವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯೇ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ತೀರ್ಮಾನಿಸಿದೆ. ಅಡಿಕೆ ಬೆಳೆದು ಬದುಕುವ ಊರಿನವರಾದ ನಮಗೆ ಇದು ಕಹಿ ಮಾತು. ಕಹಿಯಾದರೂ ಮಕ್ಕಳಿಗೆ ಹೇಳಲೇಬೇಕು.

ಊಹೆಯ ಮೇಲೆ ಇನ್ನೊಬ್ಬರನ್ನು ಅಪರಾಧಿಯೆನ್ನಬಾರದು, ಬಂದ ಸುದ್ದಿಯನ್ನು ಪರಿಶೀಲಿಸಬೇಕು, ಕಾಯಿಲೆ ಬಂದರೆ ಚಿಕಿತ್ಸೆ ಪಡೆಯಬೇಕು. ಇವೆಲ್ಲ ನಮ್ಮ ಧರ್ಮ ನಮಗೆ ಕಲಿಸಿದ ಪಾಠಗಳೇ. ಪೊಟ್ಟಣದ ಪುಡಿಯೇ ಇರಲಿ, ಅಜ್ಜಿಯ ಬಾಯಿಯ ಮಚ್ಚೆಯೇ ಇರಲಿ, ಅಲ್ಲಾಹನು ಸೃಷ್ಟಿಸಿದ ಬೆಳಕು ಅದರ ಸತ್ಯವನ್ನು ಹೇಳಬಲ್ಲುದು. ಆದರೆ ಅದನ್ನು ಬೆಳಕಿಗೆ ಹಿಡಿಯಬೇಕಾದವರು ನಾವು. ಇಂದು ರಾತ್ರಿ ಊಟದ ಬಳಿಕ ಅಜ್ಜಿಯನ್ನು ದೀಪದ ಕೆಳಗೆ ಕೂರಿಸಿ, "ಒಮ್ಮೆ ಬಾಯಿ ತೆರೆಯಿರಿ, ನೋಡುತ್ತೇನೆ" ಎಂದು ಹೇಳಿ ನೋಡಿ.