ಕರೆದದ್ದು ಬರಲಿಲ್ಲ, ಬಂದದ್ದು ಹೋಗಲಿಲ್ಲ

ಮೆಲ್ಬರ್ನ್‌ಗೆ ಹೊಸದಾಗಿ ಹೋದ ಕನ್ನಡಿಗರಿಗೆ ಅಲ್ಲಿನ ಪಾರ್ಕುಗಳಲ್ಲಿ ಇಬ್ಬರು ಹಳೆಯ ಪರಿಚಿತರು ಸಿಗುತ್ತಾರೆ. ಒಂದು, ನೀಲಗಿರಿ ಮರ. ಇನ್ನೊಂದು, ಅದರ ಬುಡದಲ್ಲಿ ಹಳದಿ ಕಾಲೂರಿ ಜಮೀನ್ದಾರನ ಠೀವಿಯಲ್ಲಿ ಓಡಾಡುವ ಗೊರವಂಕ. ಮರ ಅಲ್ಲಿಯದೇ, ನಮ್ಮಲ್ಲಿಗೆ ಬಂದು ನಮ್ಮದೇ ಬೆಟ್ಟದ ಹೆಸರು ಹೊತ್ತುಕೊಂಡಿದೆ. ಹಕ್ಕಿ ನಮ್ಮ ಕಡೆಯದು. 1860ರ ದಶಕದಲ್ಲಿ ಹಡಗಿನಲ್ಲಿ ಅಲ್ಲಿಗೆ ಹೋಯಿತು. ತಾನಾಗಿ ಹೋದದ್ದಲ್ಲ. ಅದನ್ನು ತರಿಸಿಕೊಂಡು ಪಂಜರದ ಬಾಗಿಲು ತೆರೆದದ್ದು ಒಂದು ಸಂಘ. ಅಧ್ಯಕ್ಷ, ಕಾರ್ಯದರ್ಶಿ, ಚಂದಾ, ವಾರ್ಷಿಕ ವರದಿ, ಮೇಲೆ ಸರ್ಕಾರದ ಅನುದಾನ, ಎಲ್ಲವೂ ಇದ್ದ ಮರ್ಯಾದಸ್ಥರ ಸಂಘ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಥ ‘ಅಕ್ಲಿಮಟೈಸೇಶನ್ ಸೊಸೈಟಿ’ಗಳು ಯುರೋಪಿನಿಂದ ನ್ಯೂಜಿಲೆಂಡಿನವರೆಗೆ ಹುಟ್ಟಿಕೊಂಡವು. ಒಂದು ನಾಡಿನ ಪ್ರಾಣಿ, ಪಕ್ಷಿ, ಮೀನು, ಗಿಡಗಳನ್ನು ಇನ್ನೊಂದು ನಾಡಿನ ಹವೆಗೆ ಒಗ್ಗಿಸುವುದೇ ಅವುಗಳ ಕೆಲಸ. ‘ಒಗ್ಗಿಸುವ ಸಂಘ’ ಎಂದರೆ ಸರಿಹೋದೀತು. ಮೊದಲನೆಯದು 1854ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾಯಿತು. ಕಟ್ಟಿದವನು ಪ್ರಾಣಿಶಾಸ್ತ್ರಜ್ಞ ಇಸಿದೋರ್ ಜೆಫ್ರುವಾ ಸೇಂತ್-ಇಲೇರ್. 1860ರಲ್ಲಿ ಅದಕ್ಕೊಂದು ಉದ್ಯಾನವೂ ಆಯಿತು. ಹೊಸ ಪ್ರಾಣಿಗಳನ್ನು ಒಗ್ಗಿಸಿ ಜನರ ಹೊಟ್ಟೆ ತುಂಬಿಸುವುದು ಉದ್ದೇಶಗಳಲ್ಲೊಂದಾಗಿತ್ತು. ಹತ್ತು ವರ್ಷ ಕಳೆದು ಪ್ರಷ್ಯದ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿ ಊಟಕ್ಕೆ ತತ್ವಾರವಾದಾಗ, ಉದ್ಯಾನದ ಎಷ್ಟೋ ಪ್ರಾಣಿಗಳು ಕಟುಕರಂಗಡಿ ಸೇರಿದವು. ಉದ್ದೇಶ ಈಡೇರಿದ್ದು ಹಾಗೆ.

ಲಂಡನ್ನಿನ ಸಂಘಕ್ಕಂತೂ ಬಾಯಿಚಪಲವೇ ಮೂಲ. 1859ರ ಜನವರಿಯಲ್ಲಿ ಕೆಲವು ವಿದ್ವಾಂಸರು ಹೋಟೆಲೊಂದರಲ್ಲಿ ಕಲೆತು, ಆಫ್ರಿಕಾದ ಈಲಂಡ್ ಎಂಬ ದೊಡ್ಡ ಜಿಂಕೆಯ ಮಾಂಸ ಸವಿದರು. ಹೆಸರಾಂತ ವಿಜ್ಞಾನಿ ರಿಚರ್ಡ್ ಓವನ್ ಅದರ ರುಚಿಯನ್ನು ಹೊಗಳಿ ಪತ್ರಿಕೆಗೆ ಬರೆದ. ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ಇದನ್ನೇ ಏಕೆ ಮೇಯಿಸಬಾರದು? ಮರುವರ್ಷವೇ ಸಂಘ ಸಿದ್ಧ. ಅದರ ಜೀವಾಳ ಫ್ರಾಂಕ್ ಬಕ್‌ಲ್ಯಾಂಡ್, ಸಿಕ್ಕ ಪ್ರಾಣಿಯನ್ನೆಲ್ಲ ತಿಂದು ನೋಡುವ ಆಸಾಮಿ. ಸಂಘದ 1862ರ ಔತಣದಲ್ಲಿ ಕಾಂಗರೂ ಮಾಂಸವಿತ್ತು, ಹಕ್ಕಿಗೂಡಿನ ಸೂಪಿತ್ತು, ಕಡಲಸೌತೆ ಎಂಬ ಮೆತ್ತನೆಯ ಸಮುದ್ರಜೀವಿಯೂ ಇತ್ತು. ಕೊನೆಯದು ಅವನಿಗೇ ಅಂಟಿನ ಡಬ್ಬಿಯನ್ನು ನೆನಪಿಸಿತಂತೆ. ಈಲಂಡ್ ಇಂದಿಗೂ ಇಂಗ್ಲಿಷರ ಊಟದ ಮೇಜಿಗೆ ಬಂದಿಲ್ಲ.

ಇಂಗ್ಲೆಂಡಿನಲ್ಲಿ ಇದು ಶ್ರೀಮಂತರ ಖಯಾಲಿಯಾಗಿ ಮುಗಿಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಹಾಗಾಗಲಿಲ್ಲ. ಅಲ್ಲಿಗೆ ವಲಸೆ ಹೋಗಿದ್ದ ಬ್ರಿಟಿಷರಿಗೆ ಆ ನೆಲ, ಪಾತ್ರೆಪಡಗವಿಲ್ಲದ ಬಾಡಿಗೆ ಮನೆಯಂತೆ ಕಂಡಿತ್ತು. ಹೊಳೆಯಲ್ಲಿ ಗಾಳ ಹಾಕಲು ಊರಿನ ಮೀನಿಲ್ಲ, ಬೆಳಗ್ಗೆ ಎಬ್ಬಿಸಲು ಊರಿನ ಹಕ್ಕಿಯಿಲ್ಲ, ಬೇಟೆಗೆ ಮೊಲವಿಲ್ಲ. ಶತಮಾನಗಳಿಂದ ಅಲ್ಲೇ ಬದುಕಿದ್ದ ಮೂಲನಿವಾಸಿಗಳಿಗೆ ಆ ಕಾಡುಹೊಳೆಗಳಲ್ಲಿ ಏನೇನಿದೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಅವರನ್ನು ಕೇಳುವ ರೂಢಿ ಈ ಸಂಘಗಳಿಗಿರಲಿಲ್ಲ.

1861ರಲ್ಲಿ ‘ಆರ್ಗಸ್’ ಪತ್ರಿಕೆಯ ಎಡ್ವರ್ಡ್ ವಿಲ್ಸನ್‌ನ ಉತ್ಸಾಹದಿಂದ ಮೆಲ್ಬರ್ನ್‌ನಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಸಂಘ ಹುಟ್ಟಿತು. ರಾಯಲ್ ಪಾರ್ಕ್‌ನಲ್ಲಿ ಅದಕ್ಕೆ ಜಾಗವೂ ಸಿಕ್ಕಿತು. ಈಗ ಅಲ್ಲೇ ಮೆಲ್ಬರ್ನ್ ಮೃಗಾಲಯವಿದೆ. ತೋಟಗಳ ಹುಳು ತಿನ್ನಲಿ ಎಂದು ಗುಬ್ಬಚ್ಚಿಯನ್ನೂ ಗೊರವಂಕವನ್ನೂ ತಂದು ಬಿಟ್ಟರು. ಗುಬ್ಬಚ್ಚಿ ಹುಳು ಬಿಟ್ಟು ಹಣ್ಣಿಗೂ ಕಾಳಿಗೂ ಬಾಯಿ ಹಾಕಿತು. ಕೆಲವೇ ವರ್ಷಗಳಲ್ಲಿ ತೋಟದವರು ಸಂಘಕ್ಕೆ ಹಿಡಿಶಾಪ ಹಾಕತೊಡಗಿದರು. ಇಷ್ಟಾದರೂ 1883ರಲ್ಲಿ ಗೊರವಂಕವನ್ನು ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೂ ಒಯ್ದರು. ಮರದ ಪೊಟರೆಗಳಿಂದ ಅಲ್ಲಿನ ಗಿಳಿಗಳನ್ನು ಹೊರಹಾಕಿ ತಾನು ಗೂಡು ಕಟ್ಟುವ ಈ ಹಕ್ಕಿ ಇಂದು ಜಗತ್ತಿನ ನೂರು ಅತಿ ಉಪದ್ರವಿ ಆಗಂತುಕ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಹಿತ್ತಿಲಲ್ಲಿ ಅದು ಬರೀ ಗಲಾಟೆಯ ಹಕ್ಕಿ, ಅಷ್ಟೇ.

ಮೊಲದ ಕಥೆ ಎಲ್ಲರೂ ಕೇಳಿದ್ದೇ. ಅದೇ ವಿಕ್ಟೋರಿಯಾ ಪ್ರಾಂತ್ಯದ ವಿಂಚೆಲ್ಸಿ ಬಳಿಯ ಬಾರ್ವನ್ ಪಾರ್ಕ್ ಎಸ್ಟೇಟಿನ ಥಾಮಸ್ ಆಸ್ಟಿನ್‌ಗೆ 1859ರ ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲೆಂಡಿನಿಂದ 24 ಮೊಲಗಳು ಬಂದವು. ಅಲ್ಲಿನ್ನೂ ಸಂಘವೇ ಹುಟ್ಟಿರಲಿಲ್ಲ, ಆದರೆ ಹುಚ್ಚು ಅದೇ. 1867ರಲ್ಲಿ ವಿಕ್ಟೋರಿಯಾ ರಾಣಿಯ ಮಗ ಪ್ರಿನ್ಸ್ ಆಲ್ಫ್ರೆಡ್ ಅಲ್ಲಿಗೆ ಬಂದು ಮನದಣಿಯೆ ಮೊಲದ ಬೇಟೆಯಾಡಿದ. ಆಸ್ಟಿನ್‌ಗೆ ಜನ್ಮ ಸಾರ್ಥಕ. ಮುಂದೆ ಮೊಲಗಳು ಖಂಡವನ್ನೇ ಮೇಯತೊಡಗಿದಾಗ, ಪಶ್ಚಿಮ ಆಸ್ಟ್ರೇಲಿಯಾ 1901ರಿಂದ 1907ರವರೆಗೆ 1,800 ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿತು. ಬೇಲಿ ಮುಗಿಯುವ ಮೊದಲೇ ಮೊಲಗಳು ಆಚೆ ದಾಟಿದ್ದವು.

ಹಾಗಾದರೆ ಈ ಜನ ಮನಸಾರೆ ಬಯಸಿ ತಂದದ್ದು ಏನಾಯಿತು? ಉಣ್ಣೆಗಾಗಿ ದಕ್ಷಿಣ ಅಮೆರಿಕದಿಂದ ಚಾರ್ಲ್ಸ್ ಲೆಜರ್ ಎಂಬವನು ಪಡಬಾರದ ಪಾಡುಪಟ್ಟು 1858ರಲ್ಲಿ ಸಿಡ್ನಿಗೆ ಇಳಿಸಿದ 250ಕ್ಕೂ ಹೆಚ್ಚು ಅಲ್ಪಾಕಾಗಳು ಲಾಭ ತರಲಿಲ್ಲ; ಸರ್ಕಾರ ಮಾರಿ ಕೈತೊಳೆದುಕೊಂಡಿತು. ಇದಕ್ಕಿಂತ ಸೊಗಸಾದದ್ದು ಸಾಲ್ಮನ್ ಮೀನಿನ ಪ್ರಸಂಗ. ಇಂಗ್ಲೆಂಡಿನ ಹೊಳೆಗಳ ರಾಜನನ್ನು ಟ್ಯಾಸ್ಮೇನಿಯಾದಲ್ಲಿ ಬೆಳೆಸಬೇಕೆಂಬುದು ಜೇಮ್ಸ್ ಯೂಲ್ ಎಂಬವನ ಹಟ. ಜೀವಂತ ಮೀನನ್ನು ಮೂರು ತಿಂಗಳು ಸಾಗಿಸುವಂತಿಲ್ಲ. ಮೊಟ್ಟೆ ತರೋಣವೆಂದರೆ ಉಷ್ಣವಲಯದ ಸೆಕೆಗೆ ಹಾದಿಯಲ್ಲೇ ಒಡೆದು ಸಾಯುತ್ತವೆ. ಎರಡು ಮೂರು ಪ್ರಯತ್ನಗಳು ಹೀಗೇ ನೀರುಪಾಲಾದವು. ಹಿಮದ ತಣ್ಣನೆಯಲ್ಲಿಟ್ಟರೆ ಮರಿಯಾಗುವುದು ತಡವಾಗುತ್ತದೆಂದು ಕೊನೆಗೂ ಗೊತ್ತಾಯಿತು. ಮರದ ಪೆಟ್ಟಿಗೆಗಳಲ್ಲಿ ಒದ್ದೆ ಹಾವಸೆಯ ನಡುವೆ ಲಕ್ಷದಷ್ಟು ಮೊಟ್ಟೆಗಳನ್ನಿಟ್ಟು, ಟನ್ನುಗಟ್ಟಲೆ ಮಂಜುಗಡ್ಡೆಯೊಳಗೆ ಹುಗಿದು, 1864ರ ಜನವರಿಯಲ್ಲಿ ‘ನಾರ್ಫೋಕ್’ ಹಡಗು ಹೊರಟಿತು. ಬಕ್‌ಲ್ಯಾಂಡ್ ಮತ್ತು ಗೆಳೆಯರು ಕೊನೆಗಳಿಗೆಯಲ್ಲಿ ಮೂರು ಸಾವಿರದಷ್ಟು ಕಂದು ಟ್ರೌಟ್ ಮೊಟ್ಟೆಗಳನ್ನೂ ಜೊತೆಗೆ ಸೇರಿಸಿದರು, ಸಂತೆಯಲ್ಲಿ ಕೊಸರು ಹಾಕಿದ ಹಾಗೆ. ಏಪ್ರಿಲ್‌ನಲ್ಲಿ ಮೆಲ್ಬರ್ನ್, ಅಲ್ಲಿಂದ ಹೋಬಾರ್ಟ್, ಡರ್ವೆಂಟ್ ನದಿ, ಕೊನೆಗೆ ಜನರ ಹೆಗಲ ಮೇಲೆ ಪ್ಲೆಂಟಿ ಎಂಬ ಹೊಳೆಯ ದಂಡೆಯ ಮರಿಕೊಳಗಳಿಗೆ.

ಮರಿಗಳಾದವು. ಸಾಲ್ಮನ್ ಮರಿಗಳು ಬೆಳೆದು, ತಮ್ಮ ಕುಲದ ರೂಢಿಯಂತೆ ಸಮುದ್ರಕ್ಕೆ ಹೋದವು. ಮೊಟ್ಟೆಯಿಡಲು ಹೊಳೆಗೆ ಹಿಂದಿರುಗಬೇಕಿತ್ತು. ಹಿಂದಿರುಗಲಿಲ್ಲ. ಮತ್ತೆ ಮತ್ತೆ ತಂದು ಬಿಟ್ಟರೂ ಅದೇ ಗತಿ. ಕೊಸರಾಗಿ ಬಂದ ಟ್ರೌಟ್ ಮಾತ್ರ ಹೊಳೆಯಲ್ಲೇ ಸಂಸಾರ ಹೂಡಿತು. 1867ರಲ್ಲಿ ಅದರ ಮೊಟ್ಟೆಗಳು ನ್ಯೂಜಿಲೆಂಡ್ ತಲುಪಿದವು. ಎರಡೂ ನಾಡುಗಳ ಗಾಲಾಕ್ಸಿಯಸ್ ಎಂಬ ಪುಟ್ಟ ಸ್ಥಳೀಯ ಮೀನುಗಳು ಅದರ ಬಾಯಿಗೆ ಬಿದ್ದು ಎಷ್ಟೋ ಹೊಳೆಗಳಿಂದ ಕಾಣೆಯಾದವು.

ಬಾವಲಿ ಬಿಟ್ಟರೆ ತನ್ನದೇ ಆದ ನೆಲದ ಸಸ್ತನಿಯೇ ಇಲ್ಲದಿದ್ದ ನ್ಯೂಜಿಲೆಂಡಿನಲ್ಲಿ ಈ ಸಂಘಗಳು ಇನ್ನೂ ಗಟ್ಟಿಯಾಗಿ ಬೇರೂರಿದವು. ಜಿಂಕೆ, ಮೊಲ, ಗುಬ್ಬಚ್ಚಿ ಎಲ್ಲ ಬಂದವು. ಮೊಲ ಅತಿಯಾಯಿತೆಂದು 1880ರ ದಶಕದಲ್ಲಿ ಸರ್ಕಾರವೇ ಮುಂಗುಸಿಯನ್ನು ಹೋಲುವ ಸ್ಟೋಟ್ ಎಂಬ ಬೇಟೆಗಾರನನ್ನು ತರಿಸಿತು. ಹಕ್ಕಿಗಳ ಗತಿಯೇನೆಂದು ಎಚ್ಚರಿಸಿದವರೂ ಇದ್ದರು. ಸ್ಟೋಟ್‌ಗೆ ಮೊಲಕ್ಕಿಂತ, ಹಾರಲಾರದ ಕಾಕಾಪೋದಂಥ ಹಕ್ಕಿಗಳು ಸುಲಭದ ತುತ್ತಾದವು. 2016ರಲ್ಲಿ ಅಲ್ಲಿನ ಸರ್ಕಾರ ಸ್ಟೋಟ್, ಇಲಿ, ಪೋಸಮ್‌ಗಳನ್ನು 2050ರೊಳಗೆ ದೇಶದಿಂದಲೇ ಇಲ್ಲವಾಗಿಸುವ ಗುರಿ ಘೋಷಿಸಿತು. ಟ್ರೌಟ್ ಆ ಪಟ್ಟಿಯಲ್ಲಿಲ್ಲ. ಹಳೆಯ ಒಗ್ಗಿಸುವ ಸಂಘಗಳೇ 1990ರಲ್ಲಿ ಮೀನು ಮತ್ತು ಬೇಟೆ ಮಂಡಳಿಗಳಾಗಿ ರೂಪ ಬದಲಿಸಿ, ಗಾಳ ಹಾಕುವವರಿಗೆ ಲೈಸೆನ್ಸ್ ಕೊಡುತ್ತ ಅದನ್ನು ಕಾಯುತ್ತಿವೆ.

ಟ್ಯಾಸ್ಮೇನಿಯಾದ ಪ್ಲೆಂಟಿ ಹೊಳೆಯ ದಂಡೆಯಲ್ಲಿ ಆ ಹಳೆಯ ಮರಿಕೊಳಗಳು ಇನ್ನೂ ಇವೆ. ಪ್ರವಾಸಿಗರು ಬರುತ್ತಾರೆ, ನೀರಿಗೆ ಮೀನಿನ ಆಹಾರ ಎಸೆಯುತ್ತಾರೆ, ಟ್ರೌಟ್‌ಗಳು ಗುಂಪಾಗಿ ಮೇಲೆದ್ದು ಬಾಯಿ ತೆರೆಯುತ್ತವೆ. ಆ ಜಾಗದ ಹೆಸರು ಈಗಲೂ ‘ಸಾಲ್ಮನ್ ಪಾಂಡ್ಸ್’.