ಘಾಟಿನ ಕೆಳಗೆ ನಿಂತ ಕಾರು

2023ರ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಪುಣೆಯಲ್ಲಿ ಸಂಸಾರ ಹೂಡಿ ಇಪ್ಪತ್ತು ವರುಷವಾದರೂ ನಮಗೆ ಹಬ್ಬವೆಂದರೆ ಊರಿನ ಹಬ್ಬವೇ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು, ಅವರ ನಡುವೆ ಚಕ್ಕುಲಿಯ ಡಬ್ಬಿ. ಖಂಬಾಟ್ಕಿ ಘಾಟು ಏರುವಾಗಲೇ ಕಾರಿಗೆ ಉಬ್ಬಸ ಹತ್ತಿತ್ತು. ಇಳಿದು ಸುರೂರಿನ ಹತ್ತಿರ ಬರುವಷ್ಟರಲ್ಲಿ ರೇಡಿಯೇಟರಿನ ನಳಿಗೆ ಒಡೆದು, ಬುಸ್ಸೆಂದು ಹಬೆ ಎದ್ದು, ರಸ್ತೆಯ ಬದಿಗೆ ನಿಂತುಬಿಟ್ಟಿತು.

ಸಾತಾರೆಯ ಒಂದು ಟೋಯಿಂಗ್ ಕಂಪನಿಗೆ ಫೋನು ಮಾಡಿದೆ. ನಮ್ಮದು ಆಟೋಮ್ಯಾಟಿಕ್ ಗಾಡಿ, ನಾಲ್ಕು ಗಾಲಿಯನ್ನೂ ಮೇಲೆ ಹೇರುವ ಫ್ಲ್ಯಾಟ್‌ಬೆಡ್ಡೇ ಬೇಕು ಎಂದು ಸ್ಪಷ್ಟವಾಗಿ ಹೇಳಿ, ವಾಟ್ಸಪ್ಪಿನಲ್ಲಿಯೂ ಬರೆದು ಕಳಿಸಿದೆ. ಬಾಡಿಗೆ 4,500 ರೂಪಾಯಿಗೆ ನಿಕ್ಕಿಯಾಯಿತು. ಎರಡು ತಾಸಿನ ಮೇಲೆ ಬಂದದ್ದು ಕೊಕ್ಕೆಯ ಕ್ರೇನು! ಹಿಂದಿನ ಗಾಲಿ ಎತ್ತಿ, ಮುಂದಿನವನ್ನು ನೆಲದ ಮೇಲೆ ಉರುಳಿಸಿಕೊಂಡು ಹೋಗುವ ಜಾತಿಯದು. ಹೀಗಲ್ಲಪ್ಪಾ ಎಂದರೆ ಡ್ರೈವರನು, “ಕಾಹೀ ಹೋತ ನಾಹೀ ಸಾಹೇಬ” ಎಂದು ಸರಪಳಿ ಬಿಗಿಯತೊಡಗಿದ. ಕತ್ತಲಾಗುತ್ತಿತ್ತು, ಮಕ್ಕಳು ಹಸಿದಿದ್ದವು, ನಾನು ಸುಮ್ಮನಾದೆ. ಸುಮ್ಮನಾಗದೆ ಇದ್ದವಳು ನನ್ನ ಶ್ರೀಮತಿ. “ನೀವು ಆಮ್ಯಾಲೆ ಜಗಳಾ ಮಾಡ್ರಿ, ಮೊದಲ ಫೋಟೋ ತಗೀರಿ” ಎಂದವಳೇ ತಾನೇ ಕಾರಿನ ಸುತ್ತ ನಡೆದು, ನಾಲ್ಕೂ ಮಗ್ಗಲು, ಕ್ರೇನಿನ ನಂಬರು, ಸರಪಳಿ ಸಿಕ್ಕಿಸಿದ ಜಾಗ, ಎಲ್ಲವನ್ನೂ ಫೋನಿನಲ್ಲಿ ಹಿಡಿದಿಟ್ಟಳು.

ಸಾತಾರೆ ಮುಟ್ಟುವ ಹೊತ್ತಿಗೆ ಹಿಂದಿನ ಬಂಪರು ಸೀಳಿತ್ತು. ಅದು ಕಣ್ಣಿಗೆ ಕಾಣುವ ಗಾಯ. ಕಾಣದ ಗಾಯ ಗೇರ್‌ಬಾಕ್ಸಿನಲ್ಲಿತ್ತು. ನಮ್ಮ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಗಾಲಿಗಳಿಗೆ. ಆ ಗಾಲಿ ಉರುಳಿದರೆ ಪೆಟ್ಟಿಗೆಯೊಳಗಿನ ಚಕ್ರಗಳೂ ತಿರುಗುತ್ತವೆ. ಆದರೆ ಎಂಜಿನ್ನು ಬಂದಾಗಿದ್ದಾಗ ಎಣ್ಣೆ ಹರಿಸುವ ಪಂಪು ನಡೆಯುವುದಿಲ್ಲ. ಮೂವತ್ತು ಕಿಲೋಮೀಟರು ಎಣ್ಣೆಯಿಲ್ಲದೆ ಉಜ್ಜಿದರೆ ಉಳಿಯುವುದೇನು? ದುರಸ್ತಿಯ ಬಿಲ್ಲು 71,400 ರೂಪಾಯಿ. ಮಗಳ ಕಾಲೇಜಿನ ಫೀಗೆಂದು ತೆಗೆದಿಟ್ಟ ಹಣ ಅದು.

ಕಂಪನಿಯವರಿಗೆ ಹೇಳಿದರೆ, “ಇನ್ಶುರನ್ಸ್ ಇದೆಯಲ್ಲ!” ಎಂದರು. ಇತ್ತು, ನಿಜ. ಪ್ಯಾಕೇಜ್ ಪಾಲಿಸಿಯಲ್ಲಿ ಸಾಗಣೆಯ ವೇಳೆ ಆದ ಪೆಟ್ಟಿಗೆ ರಕ್ಷಣೆಯುಂಟು, ಯಂತ್ರ ತಾನಾಗಿ ಕೆಟ್ಟರೆ ಇಲ್ಲ. ಗೇರ್‌ಬಾಕ್ಸು ಯಾವ ಲೆಕ್ಕಕ್ಕೆ ಎಂಬುದರ ಮೇಲೆಯೇ ವಾದ ಬೆಳೆಯುತ್ತಿತ್ತು. ಮೇಲಾಗಿ, ಒಮ್ಮೆ ಕ್ಲೇಮು ಮಾಡಿದರೆ ವರುಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ಸು ಹೋಯಿತೆಂದೇ ಲೆಕ್ಕ. ಬೇರೆಯವರ ತಪ್ಪಿಗೆ ನಾನೇಕೆ ಅದನ್ನು ತೆರಬೇಕು?

ರಸೀದಿಯ ಬೆನ್ನಿಗೆ, ಹಾನಿಯೆಲ್ಲ ಮಾಲಿಕನ ಹೊಣೆ ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಕಂಡು ನಾನು ಕೈಚೆಲ್ಲಿದ್ದೆ. ನಮ್ಮ ಸಂಘದ ಹಿರಿಯ ವಕೀಲರೊಬ್ಬರು ನೋಡಿ ನಕ್ಕರು. “ಹಣ ಕೊಟ್ಟ ಮೇಲೆ ಕೈಗೆ ಬಂದ ಚೀಟಿ ಇದು, ನೀವೇನು ಮೊದಲೇ ಓದಿ ಒಪ್ಪಿದ್ದಿರೇನು?” ಎಂದು ಕೇಳಿ, 1872ರ ಕರಾರು ಕಾಯಿದೆಯ 151ನೆಯ ಕಲಮು ತೆಗೆದು ತೋರಿಸಿದರು. ಒಬ್ಬರ ವಸ್ತುವನ್ನು ವಶಕ್ಕೆ ಪಡೆದವನು, ಸಾಮಾನ್ಯ ವಿವೇಕಿಯಾದವನು ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡತಕ್ಕದ್ದು ಎಂಬುದು ಅದರ ತಾತ್ಪರ್ಯ.

ಇನ್ನು, ಪರಸ್ಥಳದಲ್ಲಿರುವ ನಮ್ಮಂಥವರು ತಿಳಿಯಬೇಕಾದ ಮುಖ್ಯ ಸಂಗತಿ. ಕಂಪನಿ ಇರುವುದು ಸಾತಾರೆಯಲ್ಲಿ, ನಾವಿರುವುದು ಪುಣೆಯಲ್ಲಿ. ಹಳೆಯ 1986ರ ಕಾಯಿದೆಯಂತೆ ಎದುರಾಳಿಯ ಊರಿಗೋ ಘಟನೆ ನಡೆದಲ್ಲಿಗೋ ಅಲೆಯಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ, ದೂರುದಾರನು ತಾನು ವಾಸಿಸುವ ಇಲ್ಲವೆ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬಾಡಿಗೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಅವಧಿ ಎರಡು ವರುಷ.

ಮೊದಲು ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಕಳಿಸಿದೆ, ಉತ್ತರವಿಲ್ಲ. 2024ರ ಮಾರ್ಚಿಯಲ್ಲಿ ಪುಣೆಯ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಿದೆ. ರಸೀದಿ, ವಾಟ್ಸಪ್ಪಿನ ಮಾತುಕತೆ, ಶ್ರೀಮತಿಯ ಫೋಟೋಗಳು, ಬಿಲ್ಲು, ಇವುಗಳ ಜೊತೆಗೆ, ಎಳೆದು ತಂದ ರೀತಿಯಿಂದಲೇ ಗೇರ್‌ಬಾಕ್ಸು ಕೆಟ್ಟಿದೆಯೆಂದು ಗ್ಯಾರೇಜಿನವರು ಸಹಿ ಮಾಡಿ ಬರೆದುಕೊಟ್ಟ ಕಾಗದ. ಈ ಕಾಗದಕ್ಕಾಗಿ ನಾನು ಗ್ಯಾರೇಜಿಗೆ ನಾಲ್ಕು ಸಲ ಎಡತಾಕಿದ್ದೇನೆ. ಬಾಯಲ್ಲಿ ಹೇಳುವವರು ಬಹಳ, ಬರೆದು ಕೊಡಿರೆಂದರೆ ಪೆನ್ನು ಸಿಗುವುದಿಲ್ಲ!

ನಿಲ್ಲಿಸಬಾರದಲ್ಲಿ ನಿಲ್ಲಿಸಿದ ಗಾಡಿಯನ್ನು ಪೋಲೀಸರು ಎತ್ತಿಸಿದರೆ ಮಾತು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 127ನೆಯ ಕಲಮು ಅವರಿಗೆ ಆ ಅಧಿಕಾರ ಕೊಟ್ಟಿದೆ. ಅಲ್ಲಿ ನಾವು ಕರೆದು ಬಾಡಿಗೆ ಕೊಟ್ಟ ಗ್ರಾಹಕರಲ್ಲವಾದ್ದರಿಂದ ಆಯೋಗದ ದಾರಿ ಅಷ್ಟು ನೇರವಲ್ಲ. ಗಾಡಿ ಬಿಡಿಸಿಕೊಳ್ಳುವ ಮುನ್ನವೇ ಸುತ್ತ ನೋಡಿ, ಪೆಟ್ಟು ಕಂಡರೆ ಅಲ್ಲೇ ಬರೆದುಕೊಟ್ಟು ಪೋಚು ಪಡೆಯುವುದು ಒಳ್ಳೆಯದು.

ನಮ್ಮ ಪ್ರಕರಣವನ್ನು ಆಯೋಗವು ಮಧ್ಯಸ್ಥಿಕೆಗೆ ಕಳಿಸಿತು. ಕಂಪನಿಯ ಮಾಲಿಕರು ಮೊದಲು ಇಪ್ಪತ್ತು ಸಾವಿರ ಎಂದರು. ಕೊಕ್ಕೆ ಹಾಕಿದ ಫೋಟೋವನ್ನು, ಅದರ ಪಕ್ಕಕ್ಕೆ ಫ್ಲ್ಯಾಟ್‌ಬೆಡ್ಡೇ ಬೇಕೆಂದು ಬರೆದ ಸಂದೇಶವನ್ನು ಇಟ್ಟಾಗ ಮಾತು ಮೆತ್ತಗಾಯಿತು. 55,000ಕ್ಕೆ ಮುಗಿಯಿತು. ಪೂರ್ತಿ ಬರಲಿಲ್ಲವೆಂಬ ಕೊರಗು ನನಗೆ; “ಇಷ್ಟರ ಬಂತಲ್ರಿ” ಎಂಬ ಸಮಾಧಾನ ಶ್ರೀಮತಿಗೆ. 2024ರ ಡಿಸೆಂಬರಿನೊಳಗೆ ಎರಡು ಕಂತಿನಲ್ಲಿ ಹಣ ಬಂತು.

ಹೊಸ ಬಂಪರಿನ ಬಣ್ಣ ಹಳೆಯ ಮೈಗೆ ಇನ್ನೂ ಹೊಂದಿಲ್ಲ. ಮುಂದಿನ ಯುಗಾದಿಗೆ ಊರಿಗೆ ಹೋಗುವಾಗ ಸುರೂರಿನ ಬಳಿ ಚಿಕ್ಕವನು, “ಅಪ್ಪಾ, ಇಲ್ಲೇ ಅಲ್ಲೇನ?” ಎಂದು ಕೇಳಿದ. ಹೌದೆಂದೆ. ಆದರೆ ಕಾರು ನಿಲ್ಲಿಸಲಿಲ್ಲ.